ಮೀಟರ್ ಗೇಜಿನ ಗಾಡಿ, ಕೇರಿಯ ಕಾಲುದಾರಿ

1

ಮೈಸೂರು ಸೀಮೆಯ ರೈಲಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಮಹಾರಾಜರಿಂದ ಶುರುಮಾಡುತ್ತಾರೆ. ಆಮೇಲೆ ದಿವಾನರು ಬರುತ್ತಾರೆ, ದಿವಾನರ ಹಿಂದೆ ಇಂಜಿನಿಯರುಗಳು ಬರುತ್ತಾರೆ, ಕೊನೆಗೆ ಹೊಗೆ ಬಿಡುತ್ತಾ ಇಂಜಿನ್ ಬರುತ್ತದೆ. ನಾವು ಬರದಿಂದ ಶುರುಮಾಡುತ್ತೇವೆ. ಯಾಕೆಂದರೆ ನಮ್ಮ ಜನ ಈ ಚರಿತ್ರೆಯೊಳಕ್ಕೆ ಬಂದದ್ದು ಟಿಕೆಟ್ ಕೊಂಡುಕೊಂಡಲ್ಲ, ತಲೆಯ ಮೇಲೆ ಮಣ್ಣಿನ ಮಂಕರಿ ಹೊತ್ತುಕೊಂಡು.

1876ರಿಂದ 1878ರವರೆಗೆ ಈ ಸೀಮೆಗೆ ಬಡಿದ ಬರಕ್ಕೆ ನಮ್ಮ ಹಿರಿಯರು ಧಾತು-ಈಶ್ವರದ ಬರ ಅಂತಲೇ ಹೆಸರಿಟ್ಟರು. ಅವೆರಡೂ ಸಂವತ್ಸರಗಳ ಹೆಸರು. ಬೇರೆ ವರ್ಷಗಳಿಗೆ ಯುಗಾದಿ ಬಂದು ಹೋಗುತ್ತದೆ, ಈ ಎರಡು ವರ್ಷಗಳಿಗೆ ಮಾತ್ರ ಸಾವು ಬಂದು ಕೂತಿತ್ತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ತಲೆಗಳು 50 ಲಕ್ಷ ದಾಟಿದ್ದವು. 1881ರಲ್ಲಿ ಎಣಿಸಿದಾಗ 42 ಲಕ್ಷವೂ ಇರಲಿಲ್ಲ. ಹತ್ತು ವರ್ಷದಲ್ಲಿ ಹುಟ್ಟಿ ಹೆಚ್ಚಬೇಕಾಗಿದ್ದ ಜನ ಎಂಟು ಲಕ್ಷಕ್ಕೂ ಮೇಲೆ ಕಡಿಮೆಯಾಗಿದ್ದರು. ಬರ ಎಲ್ಲರ ಮನೆಗೂ ಬರುತ್ತದೆ ಅನ್ನುತ್ತಾರೆ. ಬರುತ್ತದೆ, ನಿಜ. ಆದರೆ ಹಗೇವು ಇದ್ದವನ ಮನೆಗೆ ಕಡೆಗೆ ಬರುತ್ತದೆ, ಕೂಲಿ ಕಾಳು ತಂದು ಅಂದಂದಿಗೆ ಬೀಸಿಕೊಳ್ಳುವವನ ಗುಡಿಸಲಿಗೆ ಮೊದಲು ನುಗ್ಗುತ್ತದೆ.

ಆಗ ಮದ್ರಾಸಿನ ಕಡೆಯಿಂದ ಬೆಂಗಳೂರಿನವರೆಗೆ ರೈಲಿತ್ತು. 1864ರಲ್ಲೇ ಬಂದಿತ್ತು. ಬೆಂಗಳೂರಿನಿಂದ ಮಂಡ್ಯ, ಶ್ರೀರಂಗಪಟ್ಟಣ, ಮೈಸೂರಿನ ಕಡೆಗೆ ಬರಬೇಕಾದರೆ ಎತ್ತಿನ ಗಾಡಿಯೇ ಗತಿ. ಬರದಲ್ಲಿ ಮೇವಿಲ್ಲದೆ ಮನುಷ್ಯನಿಗಿಂತ ಮುಂಚೆ ಎತ್ತು ಸಾಯುತ್ತದೆ. ಎತ್ತು ಸತ್ತ ಮೇಲೆ ಬೆಂಗಳೂರಿನ ಕಾಳು ನಾಗಮಂಗಲದ ಗಂಜಿ ಮಡಕೆಗೆ ಹೇಗೆ ಬಂದೀತು?

ಆ ಪಾಠ ಕಲಿತ ಸರ್ಕಾರ ಬೆಂಗಳೂರಿನಿಂದ ಮೈಸೂರಿಗೆ ರೈಲು ದಾರಿಯನ್ನು ಬರಪರಿಹಾರದ ಕೆಲಸವಾಗಿ ಹಿಡಿಯಿತು. ಸುಮಾರು 138 ಕಿಲೋಮೀಟರ್ ಉದ್ದದ ಮೀಟರ್ ಗೇಜ್ ದಾರಿ. 1881-82ರಲ್ಲಿ ಗಾಡಿ ಮೈಸೂರು ಮುಟ್ಟಿತು. ಅದೇ 1881ರ ಮಾರ್ಚಿನಲ್ಲಿ ಇಂಗ್ಲಿಷರು ಸಂಸ್ಥಾನವನ್ನು ಚಾಮರಾಜೇಂದ್ರ ಒಡೆಯರ ಕೈಗೆ ಒಪ್ಪಿಸಿದರು. ಜೊತೆಗೆ ಬರದ ಕಾಲದಲ್ಲಿ ಆದ 80 ಲಕ್ಷ ರೂಪಾಯಿ ಸಾಲವನ್ನೂ ಒಪ್ಪಿಸಿದರು. 1886ರಲ್ಲಿ ರೈಲನ್ನು ಸದರನ್ ಮರಾಠ ರೈಲ್ವೆ ಕಂಪನಿ ನಡೆಸತೊಡಗಿತು. ಹಸಿದವರು ಅಗೆದ ದಾರಿ ಹೀಗೆ ಕಂಪನಿಯ ಕೈ ಸೇರಿತು.

ಬರಪರಿಹಾರ ಅಂದರೆ ದಾನ ಅಂದುಕೊಳ್ಳಬಾರದು. ಪಕ್ಕದ ಮದ್ರಾಸ್ ಪ್ರಾಂತ್ಯದಲ್ಲಿ 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ದೊರೆ ಪರಿಹಾರ ಕೆಲಸದ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಜೊತೆಗೊಂದು ಆಣೆ, ಇಷ್ಟೇ ಕೂಲಿ ಸಾಕು ಅಂತ ಕಟ್ಟುಮಾಡಿದ್ದ. ಒಂದು ಪೌಂಡ್ ಅಂದರೆ ಅರ್ಧ ಕೇಜಿಗಿಂತ ಕಡಿಮೆ. ಅಷ್ಟು ತಿಂದು ದಿನವಿಡೀ ಗುದ್ದಲಿ ಎತ್ತಬೇಕು. ಬರಗಾಲದ ಕೆಲಸ ಅಂದರೆ ಆ ದೊರೆಗಳ ಲೆಕ್ಕದಲ್ಲಿ ಇದು: ಮನುಷ್ಯ ಸಾಯದಿರುವಷ್ಟು ಕೊಡಬೇಕು, ಬದುಕುವಷ್ಟು ಕೊಡಬಾರದು.

ಮಂಡ್ಯ ದಾಟಿ ಎಲಿಯೂರು, ಬ್ಯಾಡರಹಳ್ಳಿ, ಪಾಂಡವಪುರ, ಶ್ರೀರಂಗಪಟ್ಟಣ, ನಾಗನಹಳ್ಳಿ ಅಂತ ಇವತ್ತು ಗಾಡಿ ಓಡುವ ಏರಿಯ ಮಣ್ಣು ಇದೆಯಲ್ಲ, ಆ ಮಣ್ಣನ್ನು ಹೊತ್ತವರ ಹೆಸರು ಎಲ್ಲಿದೆ? ಶ್ರೀರಂಗಪಟ್ಟಣದಲ್ಲಿ 1799ರ ಯುದ್ಧದಲ್ಲಿ ಸತ್ತ ಇಂಗ್ಲಿಷ್ ಅಧಿಕಾರಿಗಳ ಹೆಸರನ್ನು ಕಲ್ಲಿನಲ್ಲಿ ಕೊರೆದಿದ್ದಾರೆ. ಹಳಿ ಹಾಕಿದವರ ಹೆಸರು ಕೊರೆಯುವುದಕ್ಕೆ ಕಲ್ಲು ಸಾಲದೆ ಹೋಯಿತೇ? ಆ ಕಲ್ಲನ್ನೂ ನಮ್ಮವರೇ ಒಡೆದಿರಬೇಕಲ್ಲ!

2

ಪಾಂಡವಪುರಕ್ಕೆ ಆಗ ಇಂಗ್ಲಿಷರು ಇಟ್ಟಿದ್ದ ಹೆಸರು ಫ್ರೆಂಚ್ ರಾಕ್ಸ್. ಹೈದರ್, ಟಿಪ್ಪು ಇವರ ಚಾಕರಿಯಲ್ಲಿದ್ದ ಫ್ರೆಂಚ್ ದಂಡು ಅಲ್ಲಿ ಬೀಡುಬಿಟ್ಟಿತ್ತು. ಜನ ಕರೆಯುತ್ತಿದ್ದ ಹೆಸರು ಹಿರೋಡೆ. ಫ್ರೆಂಚರ ಹೆಸರು ಹೋಗಿ ಪಾಂಡವರ ಹೆಸರು ಬಂತು. ಊರಿನ ಹೆಸರು ದಂಡಿನವರದಾದರೂ ಆಗುತ್ತದೆ, ಪುರಾಣದವರದಾದರೂ ಆಗುತ್ತದೆ, ಅಲ್ಲಿ ಗುದ್ದಲಿ ಹಿಡಿದವರದು ಮಾತ್ರ ಆಗುವುದಿಲ್ಲ.

ಮೀಟರ್ ಗೇಜ್ ಅಂದರೆ ಎರಡು ಹಳಿಗಳ ನಡುವೆ ಸರಿಯಾಗಿ ಒಂದು ಮೀಟರ್ ಅಗಲ. ಬ್ರಾಡ್ ಗೇಜಿನಲ್ಲಿ ಅದು 1676 ಮಿಲಿಮೀಟರ್. ಸಣ್ಣ ದಾರಿ, ಸಣ್ಣ ಇಂಜಿನ್, ಸಣ್ಣ ಡಬ್ಬಿ, ಕಡಿಮೆ ಖರ್ಚು. ದೊಡ್ಡ ಊರುಗಳ ನಡುವೆ ಅಗಲದ ದಾರಿ, ಬಡ ಸೀಮೆಗೆ ಕಿರಿದಾದ ದಾರಿ. ಇದು ಹಳಿಯ ವಿಚಾರದಲ್ಲಿ ಮಾತ್ರ ನಡೆದ ಲೆಕ್ಕ ಅಂತ ನಮಗೆ ಅನ್ನಿಸುವುದಿಲ್ಲ. ಶಾಲೆ, ಆಸ್ಪತ್ರೆ, ಕುಡಿಯುವ ನೀರು ಎಲ್ಲದರಲ್ಲೂ ನಮ್ಮ ಪಾಲಿಗೆ ಬಂದದ್ದು ಮೀಟರ್ ಗೇಜೇ.

ಆ ಗಾಡಿ ಕುಲುಕುತ್ತಿತ್ತು. ಹೇಗೆ ಕುಲುಕುತ್ತಿತ್ತು ಅಂತ ಕೇಳಿದರೆ ನಮ್ಮ ಕಡೆಯ ಮುದುಕಿಯರು ಕೈಯಲ್ಲೇ ಮೊರ ಹಿಡಿದಂತೆ ಮಾಡಿ ತೋರಿಸುತ್ತಾರೆ: "ಮೊರದಾಗೆ ರಾಗಿ ಕೇರ್ದಂಗೆ ಕೇರ್ತಿತ್ತು ಕಣಪ್ಪ, ಒಟ್ಟೇಲಿರೋ ಮುದ್ದೆ ಕರಗೋಗದು." ಅದಕ್ಕೆ ಕಾರಣವಿದೆ. ಮೀಟರ್ ಗೇಜಿನ ಹಳಿಯ ಒಂದೊಂದು ತುಂಡೂ ಸಾಮಾನ್ಯವಾಗಿ 12 ಮೀಟರ್ ಉದ್ದ. ತುಂಡಿಗೂ ತುಂಡಿಗೂ ನಡುವೆ ಸಣ್ಣ ಸಂದು ಬಿಟ್ಟು, ಎರಡೂ ಕಡೆಯಿಂದ ಕಬ್ಬಿಣದ ಪಟ್ಟಿ ಕೊಟ್ಟು ಬೋಲ್ಟು ಬಿಗಿಯುತ್ತಿದ್ದರು. ಬಿಸಿಲಿಗೆ ಕಬ್ಬಿಣ ಹಿಗ್ಗಬೇಕಲ್ಲ, ಅದಕ್ಕೆ ಆ ಸಂದು. ಚಕ್ರ ಸಂದಿನ ಮೇಲೆ ಬಿದ್ದು ಎದ್ದಾಗಲೆಲ್ಲ ಟಕಟಕ ಶಬ್ದ. ಆ ಜಾಗದಲ್ಲಿ ಪೆಟ್ಟು ಬಿದ್ದು ಬಿದ್ದು ಕೆಳಗಿನ ಜಲ್ಲಿ ಕುಸಿಯುತ್ತದೆ, ಸ್ಲೀಪರು ಇಳಿಯುತ್ತದೆ, ಹಳಿ ಬಾಗುತ್ತದೆ, ಡಬ್ಬಿ ಕುಣಿಯುತ್ತದೆ. ಕುಣಿಯುವ ಡಬ್ಬಿಯಲ್ಲಿ ಕೂತವರಿಗೆ ಅದು ರೈಲಿನ ಹಾಡು. ಹಳಿಯ ಮೇಲೆ ಬಗ್ಗಿದವರಿಗೆ ಅದು ನಾಳೆಯ ಕೆಲಸ.

ಆ ಕೆಲಸ ಮಾಡುತ್ತಿದ್ದವರು ಗ್ಯಾಂಗ್‌ಮನ್‌ಗಳು. ಇಷ್ಟು ಮೈಲಿಗೆ ಒಂದು ಗ್ಯಾಂಗು, ಗ್ಯಾಂಗಿಗೊಬ್ಬ ಮೇಸ್ತ್ರಿ, ಒಬ್ಬ ಕೀಮ್ಯಾನ್. ಕೀಮ್ಯಾನ್ ದಿನಾ ಬೆಳಿಗ್ಗೆ ಸುತ್ತಿಗೆ, ಸ್ಪಾನರ್, ಕೆಂಪು ಹಸಿರು ಬಾವುಟ ಹಿಡಿದು ತನ್ನ ಪಾಲಿನ ದಾರಿಯುದ್ದಕ್ಕೂ ನಡೆಯಬೇಕು. ಸಡಿಲವಾದ ಕೀಲಿ ಬಡಿಯಬೇಕು, ಬೋಲ್ಟು ಬಿಗಿಯಬೇಕು. ಉಳಿದವರು ಹಾರೆಯಲ್ಲಿ ಹಳಿ ಮೀಟಿ, ಸ್ಲೀಪರಿನ ಅಡಿಗೆ ಬೀಟರಿನಿಂದ ಜಲ್ಲಿ ಬಡಿದು ಬಡಿದು ತುಂಬಬೇಕು. ಮಳೆಗಾಲದ ರಾತ್ರಿ ಲಾಟೀನು ಹಿಡಿದು ಏರಿ ಕುಸಿದಿದೆಯೇ ಅಂತ ನೋಡುತ್ತಾ ಅಲೆಯಬೇಕು. ಹಳಿ ಕಿತ್ತಿದ್ದು ಕಂಡರೆ ಗಾಡಿ ಬರುವ ಕಡೆಗೆ ಓಡಿಹೋಗಿ ಹಳಿಯ ಮೇಲೆ ಪಟಾಕಿ ಕಟ್ಟಬೇಕು. ಚಕ್ರ ಹತ್ತಿ ಅದು ಸಿಡಿದರೆ ಡ್ರೈವರ್ ಗಾಡಿ ನಿಲ್ಲಿಸುತ್ತಾನೆ.

ಡಬ್ಬಿಯೊಳಗೆ ನೂರಾರು ಜನ ನಿದ್ದೆಹೋಗಿದ್ದಾಗ ಕತ್ತಲಲ್ಲಿ ಒಬ್ಬ ಎಚ್ಚರವಾಗಿದ್ದ. ಅವನ ಎಚ್ಚರದ ಮೇಲೆ ಬ್ರಾಹ್ಮಣನೂ ಗೌಡನೂ ಸೆಟ್ಟಿಯೂ ತಲೆಯಿಟ್ಟು ಮಲಗಿದ್ದರು. ಅದೇ ಮನುಷ್ಯ ಬೆಳಿಗ್ಗೆ ಅವರ ಬೀದಿಗೆ ಹೋದರೆ ಚಪ್ಪಲಿ ಕೈಗೆ ತಗೊಳ್ಳಬೇಕಾಗಿತ್ತು.

3

1853ರಲ್ಲಿ ಲಂಡನ್ನಿನಲ್ಲಿ ಕೂತು ಅಮೆರಿಕದ ಪತ್ರಿಕೆಯೊಂದಕ್ಕೆ ಬರೆಯುತ್ತಾ ಕಾರ್ಲ್ ಮಾರ್ಕ್ಸ್ ಒಂದು ಭವಿಷ್ಯ ಹೇಳಿದ್ದ. ರೈಲಿನಿಂದ ಹುಟ್ಟುವ ಹೊಸ ಕೈಗಾರಿಕೆ ಇಂಡಿಯಾದ ವಂಶಪಾರಂಪರ್ಯದ ಕಸುಬುಗಳನ್ನು ಒಡೆಯುತ್ತದೆ, ಜಾತಿ ನಿಂತಿರುವುದೇ ಆ ಕಸುಬಿನ ಮೇಲೆ, ಆದ್ದರಿಂದ ಜಾತಿಯೂ ಕರಗುತ್ತದೆ ಅಂತ ಅದರ ಸಾರಾಂಶ. ನಮ್ಮ ದೇಶದಲ್ಲಿ ಮೊದಲ ಪ್ರಯಾಣಿಕರ ಗಾಡಿ ಬೊಂಬಾಯಿಂದ ಠಾಣೆಗೆ ಓಡಿದ್ದೂ ಅದೇ 1853ರಲ್ಲಿ. ನೂರ ಎಪ್ಪತ್ತು ವರ್ಷ ಕಳೆದ ಮೇಲೆ ನಾವು ಆ ಮಾತನ್ನು ನಮ್ಮ ನಾಲ್ಕು ತಾಲ್ಲೂಕುಗಳ ಒರೆಗಲ್ಲಿಗೆ ಹಚ್ಚಿ ನೋಡಬೇಕು.

ಅರ್ಧ ನಿಜವಾಯಿತು. ಮೂರನೇ ದರ್ಜೆಯ ಮರದ ಬೆಂಚಿಗೆ ಗೆರೆ ಎಳೆಯುವುದಕ್ಕೆ ಯಾರಿಂದಲೂ ಆಗಲಿಲ್ಲ. ಊರಿನ ಹೋಟ್ಲಿನಲ್ಲಿ ಬೇರೆ ಲೋಟ, ಕಟಿಂಗ್ ಅಂಗಡಿಗೆ ಪ್ರವೇಶವಿಲ್ಲ, ದೇವಸ್ಥಾನದ ಬಾಗಿಲು ದೂರ. ರೈಲಿನಲ್ಲಿ ಮಾತ್ರ ಕಾಸು ಕೊಟ್ಟರೆ ಟಿಕೆಟ್, ಟಿಕೆಟ್ ಇದ್ದರೆ ಜಾಗ. ಗುಮಾಸ್ತ ಕಿಂಡಿಯಿಂದ ಟಿಕೆಟ್ ಎಸೆದರೂ ಟಿಕೆಟ್ಟಿನ ಮೇಲೆ ಜಾತಿ ಬರೆದಿರಲಿಲ್ಲ. ಜನ ಒತ್ತಿದಾಗ ಮೈಗೆ ಮೈ ತಗುಲುತ್ತಿತ್ತು. ಕುಲುಕಿದಾಗ ಒಬ್ಬರ ಹೆಗಲ ಮೇಲೆ ಒಬ್ಬರು ಬೀಳುತ್ತಿದ್ದರು. ಹೀಗೆ ನೋಡಿದರೆ ಆ ಕುಲುಕಾಟವೇ ಒಂದು ಸಣ್ಣ ಬಂಡಾಯ. ಮಡಿ ಉಟ್ಟವನನ್ನೂ ಹರಕಲು ಉಟ್ಟವನನ್ನೂ ಅದು ಒಂದೇ ಮೊರದಲ್ಲಿ ಹಾಕಿ ಕೇರಿತು.

ಆದರೆ ಜಾತಿ ಬುದ್ಧಿವಂತ. ಬೆಂಚಿನಿಂದ ಇಳಿದು ಪ್ಲಾಟ್‌ಫಾರಮ್ಮಿನ ಮೇಲೆ ನಿಂತುಕೊಂಡಿತು. ನೀರಿನ ಕೊಳಾಯಿಯ ಹತ್ತಿರ ನಿಂತಿತು, ಊಟದ ಕೋಣೆಯಲ್ಲಿ ಮಣೆ ಹಾಕಿತು. ದಕ್ಷಿಣದ ರೈಲು ನಿಲ್ದಾಣಗಳ ಫಲಾಹಾರ ಮಂದಿರಗಳಲ್ಲಿ ಬ್ರಾಹ್ಮಣರಿಗೆ ಬೇರೆ ಜಾಗ ಇರುತ್ತಿತ್ತು. ಮದ್ರಾಸ್ ಕಡೆಯ ರೈಲ್ವೆಗಳಲ್ಲಿ ಆ ಪದ್ಧತಿ ಹೋಗಬೇಕಾದರೆ 1941 ಬರಬೇಕಾಯಿತು, ಅದರ ಹಿಂದೆ ಪೆರಿಯಾರ್ ಮತ್ತು ಅವರ ಚಳವಳಿಯ ಒತ್ತಾಯ ಇರಬೇಕಾಯಿತು. ರೈಲು ತಾನಾಗಿ ಆ ಮಣೆ ಎತ್ತಲಿಲ್ಲ. ಜನ ಎತ್ತಿಸಿದರು.

ಇನ್ನು ನಿಲ್ದಾಣದಿಂದ ಆಚೆಗೆ? ಅದನ್ನು ಬಾಬಾಸಾಹೇಬರು ತಮ್ಮ 'ವೇಟಿಂಗ್ ಫಾರ್ ಎ ವೀಸಾ' ಎಂಬ ಬರಹದಲ್ಲಿ ಹೇಳಿದ್ದಾರೆ. 1901ರಲ್ಲಿ ಇನ್ನೂ ಹುಡುಗ ಭೀಮರಾವ್. ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ಸಾತಾರದಿಂದ ರೈಲು ಹತ್ತಿ, ಕೋರೆಗಾಂವಿನಲ್ಲಿದ್ದ ತಂದೆಯನ್ನು ನೋಡಲು ಮಸೂರು ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ಒಳ್ಳೇ ಬಟ್ಟೆ ತೊಟ್ಟ ಮಕ್ಕಳು. ರೈಲಿನಲ್ಲಿ ಬರುವವರೆಗೆ ಎಲ್ಲ ಸರಿ. ಇಳಿದ ಮೇಲೆ ಸ್ಟೇಷನ್ ಮಾಸ್ತರು ವಿಚಾರಿಸುತ್ತಾನೆ, ಮಹಾರರ ಮಕ್ಕಳು ಅಂತ ಗೊತ್ತಾದ ಕೂಡಲೇ ಮುಖ ಬದಲಾಗುತ್ತದೆ. ಗಾಡಿ ಹೊಡೆಯುವವರು ಯಾರೂ ಕೂರಿಸಿಕೊಳ್ಳಲು ಒಪ್ಪುವುದಿಲ್ಲ. ಕೊನೆಗೊಬ್ಬ ಒಪ್ಪುತ್ತಾನೆ, ಎರಡರಷ್ಟು ಬಾಡಿಗೆಗೆ, ಅದೂ ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆಯುತ್ತೇನೆ ಅಂತ. ರಾತ್ರಿಯೆಲ್ಲ ಆ ಮಕ್ಕಳಿಗೆ ಕುಡಿಯುವ ನೀರು ಸಿಗುವುದಿಲ್ಲ.

ಮಾರ್ಕ್ಸ್ ಹೇಳಿದ್ದು ಹಳಿಯ ಮೇಲಿನ ಸತ್ಯ. ಅಂಬೇಡ್ಕರ್ ಹೇಳಿದ್ದು ಹಳಿಯಿಂದ ಇಳಿದ ಮೇಲಿನ ಸತ್ಯ. ನಮ್ಮ ಸೀಮೆಯ ಚರಿತ್ರೆ ಈ ಎರಡರ ನಡುವೆ ಇದೆ: ಸ್ಟೇಷನ್ನಿನಿಂದ ಕೇರಿಗೆ ಹೋಗುವ ಕಾಲುದಾರಿಯಲ್ಲಿ. ಅಪ್ಪ ಮೈಸೂರಿನಿಂದ ಗಾಡಿಯಲ್ಲಿ ಕೂತು ಬರುತ್ತಿದ್ದ. ಸ್ಟೇಷನ್ನಿನಲ್ಲಿ ಇಳಿದವನೇ ಹೆಗಲ ಮೇಲಿನ ಟವಲ್ಲು ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ. ಊರೊಳಗಿನ ದಾರಿ ಬಿಟ್ಟು ಏರಿ ಹಿಂದಿನ ದಾರಿ ಹಿಡಿಯುತ್ತಿದ್ದ. ಇದು ಒಬ್ಬ ಅಪ್ಪನ ಕತೆಯಲ್ಲ, ನಮ್ಮ ಅಪ್ಪಂದಿರ ಕತೆ.

4

ಇನ್ನೊಂದು ದಾರಿಯೂ ಇದೆ. ಮೈಸೂರಿನಿಂದ ಹೊರಟು ಬೆಳಗೊಳ, ಕೃಷ್ಣರಾಜಸಾಗರ, ಸಾಗರಕಟ್ಟೆ, ಕೃಷ್ಣರಾಜನಗರ, ಹೊಸ ಅಗ್ರಹಾರ, ಅಕ್ಕಿಹೆಬ್ಬಾಳು, ಬೀರಹಳ್ಳಿ, ಮಂದಗೆರೆ ಹಾಯ್ದು ಹೊಳೆನರಸೀಪುರ, ಹಾಸನ, ಅರಸೀಕೆರೆ ಮುಟ್ಟುವುದು. 1918ರ ಹೊತ್ತಿಗೆ ತೆರೆದ ಈ ಮೀಟರ್ ಗೇಜ್ ದಾರಿ ಮೈಸೂರು ಸಂಸ್ಥಾನ ತಾನೇ ಹಾಕಿಸಿದ್ದು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿತ್ತು. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರು. ಕಟ್ಟೆ, ಕಾಲುವೆ, ರೈಲು, ಅದರ ಹಿಂದೆಯೇ 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ. ಹೊಸ ಮೈಸೂರು ಹೀಗೆ ಕಟ್ಟಿಕೊಂಡಿತು.

ಇದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನಕ್ಷೆ ಬಿಚ್ಚಿ ನೋಡಿ. ಶ್ರೀರಂಗಪಟ್ಟಣಕ್ಕೆ ರೈಲು ಬಂತು, ಕೋಟೆಯ ಒಳಗೇ ಹಾಯ್ದು ಹೋಯಿತು. ಪಾಂಡವಪುರಕ್ಕೆ ಬಂತು, ಆದರೆ ಸ್ಟೇಷನ್ ಒಂದು ಕಡೆ, ಪೇಟೆ ಇನ್ನೊಂದು ಕಡೆ. ಕೃಷ್ಣರಾಜಪೇಟೆ ತಾಲ್ಲೂಕಿಗೆ ಬಂತು, ಆದರೆ ತಾಲ್ಲೂಕಿನ ಅಂಚನ್ನು ಸವರಿಕೊಂಡು ಹೇಮಾವತಿಯ ದಿಕ್ಕಿನಲ್ಲೇ ಹೋಯಿತು. ಪೇಟೆಯವರು ಗಾಡಿ ಹತ್ತಬೇಕಾದರೆ ಅಕ್ಕಿಹೆಬ್ಬಾಳಿಗೋ ಮಂದಗೆರೆಗೋ ಹೋಗಬೇಕು. ನಾಗಮಂಗಲಕ್ಕೆ ಕಾವೇರಿಯ ಕಾಲುವೆಯೂ ಬರಲಿಲ್ಲ, ರೈಲೂ ಬರಲಿಲ್ಲ. ನೀರಿದ್ದ ಕಡೆ ರೈಲು, ರೈಲಿದ್ದ ಕಡೆ ಕಾರ್ಖಾನೆ. ಒಣ ನೆಲದವನಿಗೆ ಗುಳೆ.

ಹಾಸನದಿಂದ ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ಹೊಸ ದಾರಿ 1996-97ರ ಹೊತ್ತಿನಲ್ಲಿ ಮಂಜೂರಾಗಿ, ಇಡೀ ದಾರಿಯಲ್ಲಿ ಗಾಡಿ ಓಡಿದ್ದು 2017ರ ಮಾರ್ಚಿನಲ್ಲಿ. ಆಗ ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ರೈಲು ನಿಂತಿತು. ನಾಗಮಂಗಲ ಪಟ್ಟಣಕ್ಕೆ ಅದೂ ದೂರವೇ. ಬೆಂಗಳೂರು-ಮೈಸೂರಿನ ಗಾಡಿ ಓಡಿ 135 ವರ್ಷವಾದ ಮೇಲೆ! ಧಾತು-ಈಶ್ವರದ ಬರದಲ್ಲಿ ಹಳಿಗೆ ಮಣ್ಣು ಹೊತ್ತವರ ಮೊಮ್ಮಗನ ಮೊಮ್ಮಗ ಗಾಡಿಯನ್ನು ತನ್ನ ತಾಲ್ಲೂಕಿನಲ್ಲಿ ನೋಡಿದ.

5

ಸ್ವಾತಂತ್ರ್ಯ ಬಂತು. 1951ರ ಏಪ್ರಿಲ್ 14ರಂದು ಮೈಸೂರು ರೈಲ್ವೆಯೂ ಇನ್ನೆರಡು ರೈಲ್ವೆಗಳೂ ಸೇರಿ ದಕ್ಷಿಣ ರೈಲ್ವೆಯಾಯಿತು. ದಿನ ನೋಡಿ, ಬಾಬಾಸಾಹೇಬರ ಹುಟ್ಟಿದ ದಿನ. ಯಾರೂ ಬೇಕೆಂದು ಆ ದಿನ ಆರಿಸಿರಲಿಕ್ಕಿಲ್ಲ, ಆದರೂ ನಮಗೆ ನೆನಪಿರುತ್ತದೆ. 1974ರಲ್ಲಿ ಮೂರನೇ ದರ್ಜೆ ಎಂಬ ಹೆಸರು ಹೋಗಿ ಎರಡನೇ ದರ್ಜೆಯಾಯಿತು. ಅದೇ ವರ್ಷ ಮೇ ತಿಂಗಳಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರ ಮುಂದಾಳತನದಲ್ಲಿ ಲಕ್ಷಾಂತರ ರೈಲ್ವೆ ಕಾರ್ಮಿಕರು ಇಪ್ಪತ್ತು ದಿನ ಮುಷ್ಕರ ಹೂಡಿದರು. ಸಾವಿರಾರು ಜನ ಜೈಲಿಗೆ ಹೋದರು. ಕಾಯಂ ಆಗದ ಕೂಲಿಗಳ ಪಾಡು ಆಮೇಲೂ ಉಳಿಯಿತು. ಹೊಸ ದಾರಿ ಹಾಕುವ ಕಡೆ ವರ್ಷಗಟ್ಟಲೆ ದುಡಿದ ದಿನಗೂಲಿಗಳಿಗೆ ಒಂದು ಲೆಕ್ಕ, ಒಂದು ಸ್ಥಾನಮಾನ ಬೇಕು ಅಂತ ಸುಪ್ರೀಂ ಕೋರ್ಟು 1985ರಲ್ಲಿ ಹೇಳಬೇಕಾಯಿತು.

ಅಷ್ಟರಲ್ಲಿ ನಮ್ಮ ಮೀಟರ್ ಗೇಜ್ ಗಾಡಿಗಳು ಮುದಿಯಾಗಿದ್ದವು. ಟಾಟಾದವರ ಟೆಲ್ಕೋ ಕಾರ್ಖಾನೆಯಲ್ಲೂ ತಯಾರಾಗುತ್ತಿದ್ದ ವೈ.ಪಿ., ವೈ.ಜಿ. ಜಾತಿಯ ಉಗಿ ಇಂಜಿನ್ನುಗಳ ತಯಾರಿಕೆ 1970ರ ಆಚೀಚೆಗೆ ನಿಂತೇಹೋಗಿತ್ತು. ಇದ್ದವನ್ನೇ ತೇಪೆ ಹಾಕಿ ಓಡಿಸುತ್ತಿದ್ದರು. ಕಿಟಕಿಯಲ್ಲಿ ತಲೆಹಾಕಿದರೆ ಕಣ್ಣಿಗೆ ಕಲ್ಲಿದ್ದಲ ಕಿಡಿ, ಮೈಮೇಲೆ ಮಸಿ. ಮದುವೆಗೆ ಹೋದವರು ಮಸಿ ಬಳಿದುಕೊಂಡು ಇಳಿಯುತ್ತಿದ್ದರು. "ಬಿಳೀ ಅಂಗಿ ಆಕ್ಕೊಂಡು ಅತ್ತುದ್ರೆ ಇಳಿಯೊತ್ಗೆ ಎಲ್ಲಾರೂ ಒಂದೇ ಬಣ್ಣ ಕಣ್ಲಾ" ಅಂತ ನಮ್ಮ ಹಿರಿಯರು ನಗುತ್ತಾರೆ. ಆ ನಗುವಿನಲ್ಲಿ ಬರಿ ತಮಾಷೆ ಇಲ್ಲ.

1992ರಲ್ಲಿ ದೇಶಕ್ಕೆಲ್ಲ ಒಂದೇ ಗೇಜ್ ಎಂಬ ಯೂನಿಗೇಜ್ ಯೋಜನೆ ಬಂತು. ಬೆಂಗಳೂರು-ಮೈಸೂರು ದಾರಿ ಆ ದಶಕದ ಮೊದಲಲ್ಲಿ, ಮೈಸೂರು-ಅರಸೀಕೆರೆ ದಾರಿ ಆ ದಶಕದ ಕೊನೆಯ ಹೊತ್ತಿಗೆ ಬ್ರಾಡ್ ಗೇಜ್ ಆದವು. ಮೈಸೂರು-ಚಾಮರಾಜನಗರದ ದಾರಿ 2008ರವರೆಗೆ ಕಾಯಿತು. ಹಳೆ ಹಳಿ ಕಿತ್ತವರೂ ಹೊಸ ಹಳಿ ಹಾಕಿದವರೂ ಯಾರು ಅಂತ ಕೇಳಬೇಕಾಗಿಲ್ಲ.

ಆಮೇಲೆ ಶುರುವಾದದ್ದು ನೆನಪಿನ ಹಬ್ಬ. ಹಳೇ ಉಗಿಬಂಡಿಯ ಕೂ ಎಂಬ ಕೂಗು, ಕಿಟಕಿಯಾಚೆಯ ಹಸಿರು ಗದ್ದೆ, ಮದ್ದೂರಿನ ವಡೆ, ಅಜ್ಜನ ಊರಿನ ರಜೆ. ಬರೆಯಲಿ, ಬೇಡ ಎನ್ನುವುದಿಲ್ಲ. ಮದ್ದೂರಿನ ವಡೆ ನಮಗೂ ರುಚಿಯೇ. ಆದರೆ ಆ ಹಸಿರು ಗದ್ದೆಯಲ್ಲಿ ಬಗ್ಗಿ ನಾಟಿ ಹಾಕುತ್ತಿದ್ದವರು ನಮ್ಮ ಅವ್ವಂದಿರು. ಕಿಟಕಿಯಿಂದ ನೋಡಿದವರಿಗೆ ಅವರು ಚಿತ್ರವಾಗಿ ಕಂಡರು. ಅವರು ತಲೆಯೆತ್ತಿ ನೋಡಿದಾಗ ಗಾಡಿ ಅವರಿಗೆ ಗಡಿಯಾರವಾಗಿ ಕಂಡಿತು. ಹತ್ತರ ಗಾಡಿ ಹೋಯಿತು, ಇನ್ನು ಮುದ್ದೆ ಬರುತ್ತದೆ. ಐದರ ಗಾಡಿ ಹೋಯಿತು, ಇನ್ನು ಸೊಂಟ ನೆಟ್ಟಗೆ ಮಾಡಬಹುದು.

1979ರಲ್ಲಿ ಮೈಸೂರಿನಲ್ಲಿ ರೈಲ್ವೆ ಮ್ಯೂಸಿಯಂ ಆಯಿತು. ಮಹಾರಾಣಿಯವರ ಸಲೂನು ಡಬ್ಬಿ ಅಲ್ಲಿದೆ. 1899ರದು. ಮಲಗುವ ಏರ್ಪಾಡು, ಊಟದ ಏರ್ಪಾಡು ಎಲ್ಲ ಹಾಗೇ ಕಾಪಾಡಿದ್ದಾರೆ. ಕಾಪಾಡಲಿ. ಕುಶಲಕರ್ಮಿಗಳ ಕೈಕೆಲಸ ಅದು, ಅದೂ ದುಡಿಯುವವರದೇ. ಆದರೆ ಕೀಮ್ಯಾನಿನ ಸುತ್ತಿಗೆಯ ಪಕ್ಕದಲ್ಲಿ ಅದನ್ನು ಹಿಡಿದವನ ಹೆಸರು, ಊರು ಬರೆದಿಡುವ ಕಾಲ ಯಾವಾಗ?

ಚರಿತ್ರೆಯನ್ನು ಉಳಿಸುವುದು ಕಷ್ಟ ಅಂತ ಮಾತ್ರ ಹೇಳಬೇಡಿ. ಬೆಂಗಳೂರು-ಮೈಸೂರು ದಾರಿಯನ್ನು ಜೋಡಿ ದಾರಿ ಮಾಡುವಾಗ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆ ಅಡ್ಡ ಬಂತು. ಅದನ್ನು ಒಡೆಯಲಿಲ್ಲ. ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು ಅಡಿಪಾಯದಿಂದ ಬಿಡಿಸಿ, ಜಾಕುಗಳ ಮೇಲೆ ಎತ್ತಿ, 2017ರ ಮಾರ್ಚಿನಲ್ಲಿ ನೂರು ಮೀಟರಿಗೂ ಆಚೆಗೆ ಜರುಗಿಸಿ ಕೂರಿಸಿದರು. ಅಮೆರಿಕದ ಕಂಪನಿಯ ತಜ್ಞರನ್ನೂ ಕರೆಸಿದ್ದರು. ಒಳ್ಳೆಯ ಕೆಲಸ. ಮನಸ್ಸು ಮಾಡಿದರೆ ಈ ದೇಶದಲ್ಲಿ ಇಡೀ ಕಟ್ಟಡವನ್ನೇ ಕೂದಲು ಕೊಂಕದಂತೆ ಎತ್ತಿಡಬಹುದು ಅಂತ ಆಗ ಗೊತ್ತಾಯಿತು. ಅದಾಗಿ ಐದು ವರ್ಷಕ್ಕೆ, 2022ರ ಅಕ್ಟೋಬರಿನಲ್ಲಿ, ಮೀಟರ್ ಗೇಜ್ ಕಾಲದಿಂದ ಓಡುತ್ತಿದ್ದ ಟಿಪ್ಪು ಎಕ್ಸ್‌ಪ್ರೆಸ್ಸಿನ ಹೆಸರನ್ನು ಒಡೆಯರ್ ಎಕ್ಸ್‌ಪ್ರೆಸ್ ಅಂತ ಬದಲಾಯಿಸಿದರು. ಸಾವಿರ ಟನ್ನಿನ ಕಲ್ಲು ಉಳಿಯಿತು, ಎರಡಕ್ಷರದ ಹೆಸರು ಉಳಿಯಲಿಲ್ಲ. ರಾಜರ ಹೆಸರನ್ನು ರಾಜರ ಹೆಸರಿನಿಂದ ಅಳಿಸುವ ಈ ಆಟದಲ್ಲಿ ಗ್ಯಾಂಗಿನವನ ಹೆಸರು ಯಾವ ಕಾಲದಲ್ಲೂ ಬೋರ್ಡಿಗೆ ಏರಿರಲಿಲ್ಲ, ಆದ್ದರಿಂದ ಇಳಿಯುವ ಪ್ರಶ್ನೆಯೂ ಇಲ್ಲ.

6

ಈಗ ಇನ್ನೊಂದು ಪೀಳಿಗೆಯ ಗಾಡಿಗಳು ಮುದಿಯಾಗುತ್ತಿವೆ. 1955ರಲ್ಲಿ ಶುರುವಾದ ಪೆರಂಬೂರಿನ ಐ.ಸಿ.ಎಫ್. ಕಾರ್ಖಾನೆ ತನ್ನ ಹಳೆಯ ಮಾದರಿಯ ಡಬ್ಬಿಗಳನ್ನು ಮಾಡುವುದನ್ನು 2018ರಲ್ಲಿ ನಿಲ್ಲಿಸಿತು. ನಾವು ಓದಿದ್ದು ಆ ನೀಲಿ ಡಬ್ಬಿಗಳಲ್ಲಿ. ಅಕ್ಕಿಹೆಬ್ಬಾಳಿನಲ್ಲಿ, ಮಂದಗೆರೆಯಲ್ಲಿ, ಪಾಂಡವಪುರದಲ್ಲಿ ಹತ್ತಿ, ಬಾಗಿಲ ಬಳಿ ಚೀಲದ ಮೇಲೆ ಕೂತು, ಮೈಸೂರಿನಲ್ಲಿ ಇಳಿದು ಕಾಲೇಜಿಗೆ ಓಡಿದವರು ನಾವು. ನಮ್ಮ ಮನೆಗಳಲ್ಲಿ ಡಿಗ್ರಿ ಎಂಬ ಪದಾರ್ಥ ಮೊದಲು ಬಂದದ್ದು ಪ್ಯಾಸೆಂಜರ್ ಗಾಡಿಯಲ್ಲಿ, ಸೀಸನ್ ಟಿಕೆಟ್ಟಿನ ಮೇಲೆ, ಸೊಪ್ಪಿನ ಮಂಕರಿಗಳ ಪಕ್ಕದಲ್ಲಿ.

ಆದ್ದರಿಂದ ಮುದಿ ಗಾಡಿ ಹೋಗಬಾರದು ಅಂತ ನಾವು ಅಳುವುದಿಲ್ಲ. ಹೋಗಲಿ. ತುಕ್ಕು ಹಿಡಿದ ಡಬ್ಬಿಯಲ್ಲಿ ಕುಲುಕುವುದು ನಮ್ಮ ಸಂಸ್ಕೃತಿಯಲ್ಲ, ಅದು ನಮಗೆ ಬಂದ ಪಾಲು. ನಾವು ಕೇಳುವುದು ಇಷ್ಟು: ಗಾಡಿಯ ಜೊತೆಗೆ ನಮ್ಮ ಜಾಗವನ್ನೂ ಗುಜರಿಗೆ ಹಾಕುತ್ತೀರಾ?

ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಗಾಡಿಗಳೆಲ್ಲ ನಿಂತವು. ಮತ್ತೆ ಶುರುವಾದಾಗ ಪ್ಯಾಸೆಂಜರ್ ಗಾಡಿಗಳಲ್ಲಿ ಎಕ್ಸ್‌ಪ್ರೆಸ್ಸಿನ ದರ ಹಾಕಿದರು. 10 ರೂಪಾಯಿ ಇದ್ದ ಕನಿಷ್ಠ ಟಿಕೆಟ್ 30 ರೂಪಾಯಿಯಾಯಿತು. ಅದೇ ಹಳಿ, ಅದೇ ಡಬ್ಬಿ, ಅದೇ ಕುಲುಕು. 2024ರ ಫೆಬ್ರವರಿಯಲ್ಲಿ ಮತ್ತೆ 10 ರೂಪಾಯಿಗೆ ಇಳಿಸಿದರು. ನಡುವಿನ ವರ್ಷಗಳಲ್ಲಿ ಮಂಕರಿ ಹೊತ್ತ ಅವ್ವ ಹೋಗಿ ಬರುವುದಕ್ಕೆ 60 ರೂಪಾಯಿ ಕೊಡಬೇಕಾಯಿತು. ಅವಳ ಸೊಪ್ಪಿನ ಲಾಭವೇ ಅಷ್ಟಿಲ್ಲ. 2022ರ ನವೆಂಬರಿನಲ್ಲಿ ಮೈಸೂರಿನಿಂದ ಚೆನ್ನೈಗೆ ವಂದೇ ಭಾರತ್ ಓಡಿತು. ಅದು ಶ್ರೀರಂಗಪಟ್ಟಣ, ಪಾಂಡವಪುರಗಳನ್ನು ನಿಲ್ಲದೆ ದಾಟಿಹೋಗುತ್ತದೆ. ಮೇಲೆ ಗಾಳಿ ಹೋಗುತ್ತದಲ್ಲ, ಹಾಗೆ.

ಇನ್ನೊಂದು ಮಾತನ್ನು ಹೇಳದಿದ್ದರೆ ಈ ಚರಿತ್ರೆ ಸುಳ್ಳಾಗುತ್ತದೆ. ಹಳೆಯ ಡಬ್ಬಿಗಳ ಕಕ್ಕಸ್ಸು ಹಳಿಯ ಮೇಲೇ ಬೀಳುತ್ತಿತ್ತು. ಅದನ್ನು ಬಳಿದವರು ಯಾರ ಮಕ್ಕಳು? ಉಗಿಬಂಡಿಯ ನೆನಪು ಬರೆದವರ ಪುಟಗಳಲ್ಲಿ ಆ ಪೊರಕೆಯ ಶಬ್ದ ಎಷ್ಟು ಕಡೆ ಕೇಳಿಸಿದೆ? ಕೋಲಾರದ ಚಿನ್ನದ ಗಣಿಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮತ್ತವರ ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2013ರಲ್ಲಿ ಮಲ ಬಳಿಸುವುದನ್ನು ನಿಷೇಧಿಸುವ ಹೊಸ ಕಾನೂನು ಬಂತು. 2014ರ ಮಾರ್ಚಿನ ತೀರ್ಪಿನಲ್ಲಿ ನ್ಯಾಯಾಲಯ ಹಳಿಗಳ ಮೇಲಿನ ಮಲ ಬಳಿಸುವುದನ್ನು ಕಾಲಮಿತಿ ಹಾಕಿಕೊಂಡು ಕೊನೆಗಾಣಿಸಿ ಅಂತ ರೈಲ್ವೆಗೆ ಹೇಳಿತು. ಆಮೇಲೆ ಡಬ್ಬಿಗಳಿಗೆಲ್ಲ ಜೈವಿಕ ಶೌಚಾಲಯ ಬಂದವು. ಇದೂ ಯಂತ್ರ ತಾನಾಗಿ ತಂದ ಬದಲಾವಣೆಯಲ್ಲ. ಉಗಿಯಿಂದ ಡೀಸೆಲ್, ಡೀಸೆಲ್‌ನಿಂದ ಕರೆಂಟು ಆಗುವಷ್ಟು ಕಾಲವೂ ಆ ಪೊರಕೆ ಮಾತ್ರ ಬದಲಾಗಿರಲಿಲ್ಲ. ಬದಲಾದದ್ದು ಜನ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, ಪೊರಕೆ ಬುಟ್ಟಿ ಸುಟ್ಟ ಮೇಲೆ.

ಬರದಲ್ಲಿ ಮಣ್ಣು ಹೊತ್ತವರಿಂದ ಹಿಡಿದು ಹಳಿ ಬಳಿದವರವರೆಗೆ ಒಂದೇ ಪಾಠ ಕಾಣುತ್ತದೆ. ರೈಲು ಯಾರನ್ನೂ ಬಿಡುಗಡೆ ಮಾಡಲಿಲ್ಲ. ಅದು ಒಂದು ಬೆಂಚು ಕೊಟ್ಟಿತು. ಆ ಬೆಂಚಿನ ಮೇಲೆ ಕೂತು ನಮ್ಮವರು ಪಕ್ಕದವನ ಮೈ ತಮ್ಮ ಮೈಯಷ್ಟೇ ಬಿಸಿ ಅಂತ ಕಂಡುಕೊಂಡರು. ಒಮ್ಮೆ ಕಂಡುಕೊಂಡ ಮೇಲೆ ಕಾಲುದಾರಿಯಲ್ಲಿ ಟವಲ್ಲು ಕಂಕುಳಿಗೆ ಇಳಿಸುವಾಗ ಕೈ ತಡೆಯಿತು. ಅಪ್ಪಂದಿರ ಕೈ ತಡೆದದ್ದರಿಂದ ನಾವು ಬರೆಯುವ ಕೈಯಾದೆವು.

ಹೊಸ ಗಾಡಿಗಳು ಬರಲಿ, ಕುಲುಕದ ಹಳಿಗಳು ಬರಲಿ. ಬೆಸೆದ ಉದ್ದ ಹಳಿಗಳ ಮೇಲೆ ಈಗ ಆ ಟಕಟಕ ಶಬ್ದ ಕಡಿಮೆಯಾಗಿದೆ. ಒಳ್ಳೆಯದು. ಆದರೆ ಸಣ್ಣ ಸ್ಟೇಷನ್ನಿನಲ್ಲಿ ಗಾಡಿ ನಿಲ್ಲಬೇಕು. ಹತ್ತು ರೂಪಾಯಿಯ ಟಿಕೆಟ್ ಉಳಿಯಬೇಕು. ರಿಸರ್ವೇಷನ್ ಇಲ್ಲದ ಡಬ್ಬಿಗಳು ಹೆಚ್ಚಬೇಕು. ಕೃಷ್ಣರಾಜಪೇಟೆಯ ಪಟ್ಟಣದವನೂ ನಾಗಮಂಗಲದ ಪಟ್ಟಣದವನೂ ತನ್ನೂರಿನಿಂದ ಗಾಡಿ ಹತ್ತುವ ದಿನ ಬರಬೇಕು. ಮಳೆಯ ರಾತ್ರಿ ಹಳಿ ಕಾಯುವವನಿಗೆ ಇವತ್ತು ಟ್ರ್ಯಾಕ್ ಮೇಂಟೇನರ್ ಅಂತ ಹೊಸ ಹೆಸರು ಕೊಟ್ಟಿದ್ದಾರೆ. ಹೆಸರಿನ ಜೊತೆಗೆ ಅವನ ಜೀವಕ್ಕೂ ಬೆಲೆ ಕೊಡಬೇಕು.

ಮ್ಯೂಸಿಯಮ್ಮಿನಲ್ಲಿ ಒಂದು ಮರದ ಬೆಂಚು ಇಡಿ ಅಂತ ಬೇಡುವುದು ಆಮೇಲಿನ ಮಾತು. ಮೊದಲು ಓಡುವ ಗಾಡಿಯಲ್ಲಿ ಬೆಂಚು ಇರಲಿ.